ಆರು ಜನ, ಒಂದೇ ಪ್ಲೇಟು: ಬರೀ ತಿನ್ನೋಕೇ ಅಂತ ಪೆನಾಂಗಿಗೆ ಹೋಗ್ಬಂದ್ವಿ (ಲೆಕ್ಕದ ಜಗಳ ಇನ್ನೂ ಮುಗಿದಿಲ್ಲ)

ಗಿರ್ಮಿಟ್_ಗೆಳೆಯ (ದಾವಣಗೆರೆ)

ಮೂರ್ನಾಲ್ಕು ತಿಂಗಳ ಹಿಂದೆ ಇಲ್ಲೇ ಕೇಳಿದ್ದೆ, ಆರು ಜನ ದೋಸ್ತರು, ನೋಡೋಕಲ್ಲ ತಿನ್ನೋಕೆ ಅಂತ ಹೊರದೇಶಕ್ಕೆ ಹೋಗ್ಬೇಕು ಅಂತಿದೀವಿ, ಎಲ್ಲಿಗೆ ಹೋಗಣ ಅಂತ. ಅರ್ಧ ಜನ ಬ್ಯಾಂಕಾಕ್ ಅಂದ್ರಿ, ಇನ್ನರ್ಧ ಜನ ಮೊದ್ಲು ಊರಲ್ಲಿರೋ ಬೆಣ್ಣೆ ದೋಸೆ ಅಂಗಡಿ ಎಲ್ಲ ಮುಗಿಸ್ರಿ ಅಂತ ಕಾಲೆಳೆದ್ರಿ. ಕೊನೆಗೆ ಜೂನ್ ಕೊನೇ ವಾರ ಮಲೇಷ್ಯಾದ ಪೆನಾಂಗಿಗೆ ಹೋಗ್ಬಂದ್ವಿ, ಐದು ರಾತ್ರಿ. ಬರೀತೀನಿ ಅಂತ ಮಾತು ಕೊಟ್ಟಿದ್ದೆ. ಉದ್ದ ಆಗುತ್ತೆ, ಒಂದು ಅರ್ಧ ಟೀ ಹಿಡ್ಕಂಡು ಕೂತ್ಕಳಿ.

ಗ್ಯಾಂಗಲ್ಲಿ ಒಬ್ಬಂದು ಅಡಿಕೆ ವ್ಯಾಪಾರ, ಒಬ್ಬಂದು ಬಟ್ಟೆ ಅಂಗಡಿ, ಒಬ್ಬಂದು ಮೆಡಿಕಲ್ ಶಾಪು, ಒಬ್ಬ ಬೆಂಗ್ಳೂರಲ್ಲಿ ಸಾಫ್ಟ್‌ವೇರು, ಒಬ್ಬ ವಕೀಲ, ಆಮೇಲೆ ನಾನು. ನಾಲ್ಕು ಜನ ಎಲ್ಲ ತಿಂತೀವಿ. ಅಡಿಕೆಯವ್ನು, ಬಟ್ಟೆ ಅಂಗಡಿಯವ್ನು ಇಬ್ರೂ ವೆಜ್ಜು, ಮೊಟ್ಟೆನೂ ಮುಟ್ಟಲ್ಲ. ಇದನ್ನ ಮೊದ್ಲೇ ಯಾಕೆ ಹೇಳ್ತಿದೀನಿ ಅಂದ್ರೆ ಮುಂದೆ ಜಗಳ ಆಗಿದ್ದೆಲ್ಲ ಇಲ್ಲೇ.

ಬೆಂಗ್ಳೂರಿಂದ ಕೌಲಾಲಂಪುರಕ್ಕೆ ನಾಲ್ಕು ಗಂಟೆ ಚಿಲ್ಲರೆ ಫ್ಲೈಟು. ದಾವಣಗೆರೆಯಿಂದ ಏರ್‌ಪೋರ್ಟ್ ಮುಟ್ಟೋಕೂ ಹೆಚ್ಚುಕಮ್ಮಿ ಅಷ್ಟೇ ಟೈಮ್ ಹಿಡೀತು ಅನ್ನೋದು ಬೇರೆ ಮಾತು. ಅಲ್ಲಿಂದ ಟ್ರೈನಲ್ಲಿ ಬಟರ್‌ವರ್ತ್, ಆಮೇಲೆ ಫೆರಿ, ಹದಿನೈದಿಪ್ಪತ್ತು ನಿಮಿಷದಲ್ಲಿ ದ್ವೀಪ. ಬಟರ್‌ವರ್ತ್ ಅಂತ ಬೋರ್ಡ್ ನೋಡಿದ ತಕ್ಷಣ ವಕೀಲ "ಲೇ ಇದೂ ಬೆಣ್ಣೆ ಊರೇ ಕಣ್ರೋ" ಅಂದ, ಐದು ದಿನ ಅದೇ ಜೋಕು.

ಮೊದಲ್ನೇ ದಿನನೇ ಎಡವಟ್ಟು. ಸಾಫ್ಟ್‌ವೇರ್ ದೋಸ್ತ ಫೋನಲ್ಲಿ 34 ಅಂಗಡಿ ಪಟ್ಟಿ ಮಾಡ್ಕಂಡು ಬಂದಿದ್ದ, ಬೆಳಗ್ಗೆ ಯಾವ್ದು ರಾತ್ರಿ ಯಾವ್ದು ಎಲ್ಲ ಟೈಮ್ ಹಾಕಿ. ಹೋಗಿ ನೋಡಿದ್ರೆ ಒಂದನೇದು ವಾರದ ರಜೆ, ಎರಡ್ನೇದು ಸಂಜೆ ಮಾತ್ರ, ಮೂರ್ನೇದು ಹನ್ನೊಂದಕ್ಕೇ ಖಾಲಿ. ಅಲ್ಲಿ ಒಂದು ಗಾಡಿ ಅಂದ್ರೆ ಒಂದೇ ಐಟಂ, ಅದು ಮುಗೀತು ಅಂದ್ರೆ ಮುಗೀತು, ನಮ್ಮ ಮಿರ್ಚಿ ಗಾಡಿಯವ್ರು ಹಿಟ್ಟು ತಳ ಕಂಡ ಮೇಲೆ ಬಾಣಲೆ ಇಳ್ಸಿ ಮನೆಗೆ ಹೊರಟಂಗೆ. ಬಿಸಿಲಲ್ಲಿ ಮೂರು ಕಿಲೋಮೀಟರ್ ನಡೆದು ಕೊನೆಗೆ ತಿಂದಿದ್ದು ಏನು? ಬಿಸ್ಕತ್ತು.

ಎರಡ್ನೇ ದಿನ ಪಟ್ಟಿ ಮಡಚಿ ಇಟ್ವಿ. ಎಲ್ಲಿ ಅಲ್ಲಿನ ವಯಸ್ಸಾದವ್ರು ಪೇಪರ್ ಓದ್ಕಂಡು ಕೂತಿದಾರೋ ಅಲ್ಲಿಗೆ ನುಗ್ಗೋದು ಅಂತ ಮಾಡಿದ್ವಿ. ಇನ್ನೊಂದು ರೂಲ್ಸು, ಏನೇ ತಗಂಡ್ರೂ ಒಂದೇ ಪ್ಲೇಟು, ಆರು ಚಮಚ (ವೆಜ್ ಇದ್ರೆ ಆರು, ಇಲ್ದಿದ್ರೆ ನಾಲ್ಕು). ಹೊಟ್ಟೆ ತುಂಬಲ್ಲ, ಅದೇ ಬೇಕಾಗಿದ್ದು. ಒಬ್ಬೊಬ್ರೂ ಒಂದೊಂದು ಪ್ಲೇಟ್ ಹೊಡೆದ್ರೆ ದಿನಕ್ಕೆ ಮೂರು ಐಟಂ, ಹಂಚ್ಕಂಡ್ರೆ ಒಂಬತ್ತು. ನಾನು ಈ ಪ್ರವಾಸದಿಂದ ಕಲ್ತಿದ್ದು ಅಂತ ಏನಾದ್ರೂ ಇದ್ರೆ ಇದೇ, ಜೊತೆಗೆ ಹೋಗೋದು ಖರ್ಚು ಹಂಚ್ಕಳೋಕಲ್ಲ, ಹೊಟ್ಟೆ ಹಂಚ್ಕಳೋಕೆ.

ಅಲ್ಲಿನ ಕಾಫಿ ಅಂಗಡಿಗೆ ಕೋಪಿತಿಯಾಮ್ ಅಂತಾರೆ. ಅಂಗಡಿ ಒಬ್ಬಂದು, ಒಳಗೆ ಐದಾರು ಗಾಡಿ ಬೇರೆಬೇರೆಯವ್ರದ್ದು. ಟೇಬಲ್ ಹಿಡೀಬೇಕು, ನಂಬರ್ ನೆನಪಿಟ್ಕಂಡು ಗಾಡಿಗೆ ಹೋಗಿ ಹೇಳ್ಬರ್ಬೇಕು, ತಂದು ಕೊಟ್ಟಾಗ ದುಡ್ಡು. ಕುಡಿಯೋದು ಮಾತ್ರ ಅಂಗಡಿಯವ್ನ ಹತ್ರನೇ, ಏನೂ ಕುಡೀದೆ ಬರೀ ಕೂತ್ರೆ ಅವ್ನ ಮುಖ ನೋಡ್ಬೇಕು ನೀವು.

ಚಾರ್ ಕ್ವೇ ತಿಯಾವ್ ಬಗ್ಗೆ ಹೇಳ್ಲೇಬೇಕು. ಅಕ್ಕಿ ಹಿಟ್ಟಿನ ಅಗಲ ಶಾವಿಗೆ ಅಂದ್ಕಳಿ, ಪಟ್ಟಿ ಪಟ್ಟಿ ಇರುತ್ತೆ. ನಾವು ಹೋದ ಗಾಡಿಲಿ ಅರವತ್ತು ದಾಟಿದ ಯಜಮಾನ, ಇದ್ದಲು ಒಲೆ, ಕಪ್ಪು ಬಾಣಲೆ. ಎಣ್ಣೆ, ಬೆಳ್ಳುಳ್ಳಿ, ಶಾವಿಗೆ, ಸೋಯಾ ಸಾಸು ಒಂದು ಎರಚು, ಎಲ್ಲಾನೂ ಪಕ್ಕಕ್ಕೆ ತಳ್ಳಿ ಆ ಖಾಲಿ ಜಾಗದಲ್ಲಿ ಮೊಟ್ಟೆ, ಸೀಗಡಿ, ಚಿಪ್ಪಿನ ಮಾಂಸ, ಮೇಲೆ ಒಂದು ಮುಷ್ಠಿ ಮೊಳಕೆ ಕಾಳು, ಮತ್ತೆ ಎರಡು ತಿರುವು, ಪ್ಲೇಟು. ಒಂದೂವರೆ ಎರಡು ನಿಮಿಷ ಇರ್ಬೇಕು ಅಷ್ಟೇ. ನಮ್ಮ ಮೆಡಿಕಲ್ ಶಾಪು ಅವಸರಕ್ಕೆ "ನಾಲ್ಕು ಪ್ಲೇಟ್ ಒಟ್ಟಿಗೆ ಹಾಕ್ಬಿಡಿ" ಅಂತ ಕೈ ಸನ್ನೆ ಮಾಡ್ದ. ಯಜಮಾನ ತಲೆ ಎತ್ಲಿಲ್ಲ, ಒಂದು ಬೆರಳು ತೋರ್ಸಿ ಮತ್ತೆ ಬಾಣಲೆಗೆ ಹೋದ. ಒಂದು ಸಲಕ್ಕೆ ಒಂದೇ ಪ್ಲೇಟು. ಜಾಸ್ತಿ ಹಾಕಿದ್ರೆ ಬಾಣಲೆ ತಣ್ಣಗಾಗುತ್ತೆ, ಶಾವಿಗೆ ಹುರಿಯೋ ಬದ್ಲು ಬೇಯುತ್ತೆ, ಆ ಸುಟ್ಟ ಘಮ ಬರಲ್ಲ. ಸೌದೆ ಒಲೆ ಮುಂದೆ ದೋಸೆಗೆ ನಿಂತು ಬೆಳೆದ ನಮಗೇ ಇದು ಗೊತ್ತಿರ್ಬೇಕಿತ್ತು, ಹಂಚು ಕಾಯೋ ಮುಂಚೆ ಹಿಟ್ಟು ಹುಯ್ದ್ರೆ ಏನಾಗುತ್ತೆ ಅಂತ. ಒಂದು ಮಾತು, ಅಲ್ಲಿ ಸುಮಾರು ಕಡೆ ಹಂದಿ ಕೊಬ್ಬಲ್ಲೇ ಹುರೀತಾರೆ, ತಿನ್ನದವ್ರು ಕೇಳ್ಕಳಿ.

ಲಕ್ಸಾ ನನಗೆ ಇಷ್ಟ ಆಯ್ತು, ಬೇರೆಯವ್ರಿಗೆ ಇಲ್ಲ. ಬಂಗುಡೆ ಮೀನಿನ ಸಾರಲ್ಲಿ ಶಾವಿಗೆ, ಹುಣಸೆ ಹುಳಿ, ಮೇಲೆ ಪುದೀನ, ಅನಾನಸ್, ಸೌತೆಕಾಯಿ, ಕೊನೆಗೆ ಒಂದು ಚಮಚ ಸೀಗಡಿ ಪೇಸ್ಟು ಟಾರ್ ಥರ ಕಪ್ಪಗೆ. ಮೊದಲ ಚಮಚಕ್ಕೆ ಮುಖ ಕಿವುಚ್ಕಳುತ್ತೆ, ಮೂರ್ನೇದಕ್ಕೆ ಬಟ್ಟಲು ಎಳ್ಕಳ್ಬೇಕು ಅನ್ಸುತ್ತೆ.

ಒಟ್ಟು ಆರು ಜನಕ್ಕೆ ಊಟ ತಿಂಡಿದು 1,440 ರಿಂಗಿಟ್ ಆಯ್ತು, ತಲೆಗೆ 240. ನಾವು ಹೋದಾಗ ರಿಂಗಿಟ್ಟಿಗೆ ಸುಮಾರು 20 ರೂಪಾಯಿ ಇತ್ತು. ಕೇಳೋದಿದ್ರೆ ಕೇಳಿ.

ಪಿಬಿ_ರೋಡ್_ಕಾಕಾ

ಚೆನ್ನಾಗಿ ಬರ್ದೀಯಪ್ಪ. ಆದ್ರೆ ಒಂದು ಕೇಳ್ತೀನಿ ಬೇಜಾರ್ ಮಾಡ್ಕಬ್ಯಾಡ, ತಲೆಗೆ ಐದು ಸಾವಿರ ಬರೀ ಊಟಕ್ಕೆ, ವಿಮಾನ ರೂಮು ಬೇರೆ, ಅಷ್ಟು ದುಡ್ಡು ಸುರಿದು ಹುಣಸೆ ಸಾರಲ್ಲಿ ಶಾವಿಗೆ ತಿನ್ನೋಕೆ ಹೋಗ್ಬೇಕಿತ್ತಾ? ನಿಮ್ಮ ವಯಸ್ಸಲ್ಲಿ ನಾವು ಸೈಕಲ್ಲಲ್ಲಿ ಹರಿಹರಕ್ಕೆ ಹೋಗಿ ಹೊಳೆ ದಂಡೆ ಮೇಲೆ ಕೂತು ಮಂಡಕ್ಕಿ ಕಲಸ್ತಿದ್ವಿ, ಆರು ಜನನೇ, ಒಂದೇ ಪೇಪರ್ ಮೇಲೆ. ಹೊಟ್ಟೆ ಹಂಚ್ಕಳೋದು ಅಂದ್ರೆ ಅದು.

ಗಿರ್ಮಿಟ್_ಗೆಳೆಯ

ಕಾಕಾ ಅದನ್ನೂ ಮಾಡೀವಿ, ಈಗ್ಲೂ ಮಾಡ್ತೀವಿ 😀 ಅಲ್ಲೊಂದು ತಿನಿಸು ಐತಿ, ಪಸೆಂಬೂರ್ ಅಂತ. ಬಜ್ಜಿ ಥರ ಕರಿದಿದ್ದು ಕತ್ರಿಸಿ, ಸೌತೆಕಾಯಿ ಹಾಕಿ, ಮೇಲೆ ಶೇಂಗಾ ಗೆಣಸಿನ ಗೊಜ್ಜು. ತಿನ್ನೋವಾಗ ನಿಮ್ಮಂಥವ್ರೇ ನೆನಪಾದ್ರು, ಮಂಡಕ್ಕಿ ಒಂದಿದ್ದಿದ್ರೆ ಪೂರ್ತಿ ನಮ್ದೇ ಅಂತ.

ಹರಿಹರದವ_ಕೆಎಲ್‌ನಲ್ಲಿ

ನಾನು ಏಳು ವರ್ಷದಿಂದ ಕೌಲಾಲಂಪುರದಲ್ಲಿ ಕೆಲ್ಸ ಮಾಡ್ತಿದೀನಿ, ಊರು ಹರಿಹರ. ಗೆಳೆಯರೇ ನಾಸಿ ಕಂದಾರ್ ಯಾಕೆ ಬರೀಲಿಲ್ಲ? ಪೆನಾಂಗಿಗೆ ಹೋಗಿ ಅದನ್ನ ಬಿಟ್ಟು ಬರೋದು ಅಂದ್ರೆ ದಾವಣಗೆರೆಗೆ ಬಂದು ಇಡ್ಲಿ ತಿಂದು ಹೋದಂಗೆ.

ಗೊತ್ತಿಲ್ಲದವ್ರಿಗೆ ಹೇಳ್ತೀನಿ, ನಾಸಿ ಅಂದ್ರೆ ಅನ್ನ, ಕಂದಾರ್ ಅಂದ್ರೆ ಹೆಗಲ ಮೇಲೆ ಕೋಲು ಇಟ್ಟು ಎರಡೂ ಕಡೆ ಬುಟ್ಟಿ ನೇತುಹಾಕಿ ಹೊರೋದು, ನಮ್ಮ ಕಾವಡಿ ಥರ. ತಮಿಳುನಾಡಿಂದ ಹೋದ ಮುಸ್ಲಿಮರು ಹಂಗೆ ಹೊತ್ಕಂಡು ಬಂದು ಬಂದರಿನ ಕೂಲಿಯವ್ರಿಗೆ ಮಾರ್ತಿದ್ರು. ಈಗ ಅಂಗಡಿ ಆಗಿದೆ, ಹೆಸರು ಹಂಗೇ ಉಳ್ದಿದೆ. ಅನ್ನ ಹಾಕಿ ನಾಲ್ಕೈದು ಥರದ ಸಾರನ್ನ ಒಂದರ ಮೇಲೊಂದು ಹುಯ್ತಾರೆ, "ಬಂಜಿರ್" ಅಂತ ಹೇಳ್ಬೇಕು, ಬಂಜಿರ್ ಅಂದ್ರೆ ಪ್ರವಾಹ. ಹೊಳೆ ಬಂದಂಗೆ ತಟ್ಟೆ ತುಂಬಾ ಸಾರು.

ಇನ್ನು ಹೋಗೋರಿಗೆ: 2023 ಡಿಸೆಂಬರ್ 1ರಿಂದ ನಮ್ಮವ್ರಿಗೆ 30 ದಿನದವರೆಗೆ ವೀಸಾ ಬೇಡ ಅಂತ ಮಾಡಿದಾರೆ, ಟಿಕೆಟ್ ಮಾಡ್ಸೋ ಮುಂಚೆ ಇನ್ನೂ ಹಂಗೇ ಇದೆಯಾ ನೋಡ್ಕಳಿ. ಇಲ್ಲಿ ಇಳಿಯೋಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನಲ್ಲಿ ಅರೈವಲ್ ಕಾರ್ಡ್ ತುಂಬ್ಬೇಕು, ಅದು ಫ್ರೀ. ದುಡ್ಡು ಕೇಳೋ ಸೈಟ್ ಸಿಕ್ರೆ ಅದು ಸರ್ಕಾರದ್ದಲ್ಲ, ತಿಳ್ಕಳಿ.

ಗಿರ್ಮಿಟ್_ಗೆಳೆಯ

ಆ ಫ್ರೀ ಕಾರ್ಡಿಗೆ ನಮ್ಮ ಬಟ್ಟೆ ಅಂಗಡಿ ದುಡ್ಡು ಕಟ್ಟಿದಾನೆ ಅಣ್ಣ, ಎಷ್ಟು ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ. ನಾಸಿ ಕಂದಾರ್ ತಿಂದ್ವಿ, ಎರಡು ಸಲ, ಬರೆಯೋಕೆ ಮರ್ತೆ.

ಅಡಿಕೆ_ಮಂಡಿ_ಹುಡ್ಗ

ನಾನೇ ಆ ಅಡಿಕೆಯವ್ನು. ಇವ್ನು ಬರ್ದಿದ್ದು ಓದಿ ಅಕೌಂಟ್ ಮಾಡ್ಕಂಡು ಬಂದೆ. "ವೆಜ್ ಇದ್ರೆ ಆರು ಚಮಚ" ಅಂತೆ. ಲೇ ಎಷ್ಟು ಸಲ ಆರು ಚಮಚ ಆಯ್ತು ಹೇಳೋ? ನೀವು ನಾಲ್ಕು ಜನ ಬಾಯಿ ಚಪ್ಪರಿಸ್ತಾ ಇದ್ರೆ ನಾನು, ಬಟ್ಟೆ ಅಂಗಡಿ ಪಕ್ಕದ ಟೇಬಲಲ್ಲಿ ಬ್ರೆಡ್ ಟೋಸ್ಟ್ ಕಡೀತಾ ಕೂತಿದ್ವಿ.

ಮೊದಲ್ನೇ ರಾತ್ರಿ ಒಂದು ಅಂಗಡಿಲಿ ಬರೀ ಸೊಪ್ಪಿನ ಪಲ್ಯ ಅಂತ ತರ್ಸಿದ್ವಿ, ಹಸಿರಾಗಿ ಚೆನ್ನಾಗಿತ್ತು, ನಾಲ್ಕು ತುತ್ತು ತಿಂದ ಮೇಲೆ ಬಟ್ಟೆ ಅಂಗಡಿ ಮೂಸಿ ನೋಡ್ದ, ಕೇಳಿದ್ರೆ ಬೆಲಚಾನ್ ಹಾಕಿದಾರೆ. ಒಣ ಸೀಗಡಿ ಅರೆದು ಹುದುಗಿಸಿದ್ದು. ಅವ್ರಿಗೆ ಅದು ಮಾಂಸ ಅಲ್ಲ, ನಮಗೆ ಇಂಗು ಇದ್ದಂಗೆ. ಅವ್ರ ತಪ್ಪಲ್ಲ, ನಾವು ಕೇಳಿದ್ದು "ಚಿಕನ್ ಇಲ್ಲ ತಾನೇ" ಅಂತ. ಅವತ್ತು ರಾತ್ರಿ ಬಟ್ಟೆ ಅಂಗಡಿ ಊಟ ಮಾಡ್ಲಿಲ್ಲ, ಮನೆಯಿಂದ ತಂದಿದ್ದ ಖಡಕ್ ರೊಟ್ಟಿ ತೆಗೆದ, ಬ್ಯಾಗಲ್ಲಿ ಅದು ನುಚ್ಚಾಗಿತ್ತು, ಅದನ್ನೇ ಶೇಂಗಾ ಚಟ್ನಿ ಜೊತೆ ಬೊಗಸೆಲಿ ತಿಂದ. ಇದ್ಯಾವ್ದೂ ನಿನ್ನ ಪೋಸ್ಟಲ್ಲಿ ಇಲ್ಲ ನೋಡು.

ಮಾರನೇ ದಿನ ನಾವು ಉಳ್ಕಂಡಿದ್ದ ಕಡೆ ಕೆಲ್ಸ ಮಾಡೋ ಹುಡುಗಿ ಹತ್ರ ಒಂದು ಸಾಲು ಬರೆಸ್ಕಂಡೆ: "ಸಾಯ ತಾ ಮಾಕಾನ್ ದಾಗಿಂಗ್, ಈಕಾನ್, ಉದಾಂಗ್, ತೆಲೂರ್." ಮಾಂಸ, ಮೀನು, ಸೀಗಡಿ, ಮೊಟ್ಟೆ ನಾನು ತಿನ್ನಲ್ಲ ಅಂತ. ಬೆಲಚಾನ್ ಅಂತ ಕೊನೆಗೆ ನಾನೇ ಸೇರ್ಸ್ಕಂಡೆ. ವೆಜ್ ಇರೋರು ಈ ಸಾಲು ಬಾಯಿಪಾಠ ಮಾಡ್ಕಂಡು ಹೋಗ್ರಿ, ಇಂಗ್ಲಿಷ್ ವೆಜಿಟೇರಿಯನ್ ಅನ್ನೋದನ್ನ ಒಬ್ಬೊಬ್ರು ಒಂದೊಂದು ಥರ ತಿಳ್ಕಂತಾರೆ.

ಆಮೇಲೆ ನಾವಿಬ್ರು ಬೇರೆ ದಾರಿ ಹಿಡಿದ್ವಿ. ಲಿಟಲ್ ಇಂಡಿಯಾದಲ್ಲಿ 1833ರಲ್ಲಿ ಕಟ್ಟಿದ ಮಹಾಮಾರಿಯಮ್ಮನ ಗುಡಿ ಐತಿ, ಅಲ್ಲಿ ಕೈ ಮುಗಿದು ಪಕ್ಕದ ಬೀದಿಲಿ ಬಾಳೆ ಎಲೆ ಊಟ. ಆದ್ರೆ ಅದಕ್ಕಿಂತ ರೊಟ್ಟಿ ಚನಾಯ್. ಬೆಳಗ್ಗೆ ಆರೂವರೆಗೆ, ನೀವೆಲ್ಲ ಗೊರಕೆ ಹೊಡೀವಾಗ. ಮೈದಾ ಉಂಡೆ ರಾತ್ರಿನೇ ಎಣ್ಣೆಲಿ ನೆನೆಸಿಟ್ಟಿರ್ತಾರೆ, ಅಂಗೈಲಿ ತಟ್ಟಿ ಗಾಳಿಗೆ ಬೀಸ್ತಾನೆ, ಎರಡ್ನೇ ಬೀಸಿಗೆ ಹಿಂದಿನ ಗೋಡೆ ಕಾಣೋವಷ್ಟು ತೆಳು. ಮಡಚಿ ಹಂಚಿಗೆ ಹಾಕಿ, ಬೆಂದ ಮೇಲೆ ತೆಗೆದು ಎರಡೂ ಕೈಯಲ್ಲಿ ಚಪ್ಪಾಳೆ ಹೊಡೆದಂಗೆ ಅದುಮ್ತಾನೆ, ಪದರ ಎಲ್ಲ ಬಿಟ್ಕಂಡು ಹೂವಾಗುತ್ತೆ. ಕೈ ಸುಡಲ್ವಾ ಅಂತ ತಮಿಳಲ್ಲಿ ಕೇಳಿದೆ, ನಕ್ಕ, ಅಂಗೈ ತೋರ್ಸ್ದ, ಅಡಿಕೆ ಸುಲಿಯೋರ ಕೈ ಥರ ಗಟ್ಟಿ. ಜೊತೆಗೆ ಬೇಳೆ ಸಾರು. ಎರಡು ರಿಂಗಿಟ್ಟಿನ ಒಳಗೆ.

ಈಗ ದುಡ್ಡಿನ ವಿಷ್ಯ. ಎರಡು ರಿಂಗಿಟ್ ರೊಟ್ಟಿ ತಿಂದವ್ನಿಗೂ 240, ಏಡಿ ಮುರ್ಕಂಡು ತಿಂದವ್ನಿಗೂ 240. ಸಮುದ್ರದ ಊಟ ಒಂದೇ ರಾತ್ರಿ 312 ರಿಂಗಿಟ್. ಅವತ್ತು ನಾನು ತಿಂದಿದ್ದು ಅನ್ನ, ಸೌತೆಕಾಯಿ, ಒಂದು ಎಳನೀರು. ಇದು ಯಾವ ನ್ಯಾಯ?

ದುರ್ಗದ_ಅಕ್ಕ (ಚಿತ್ರದುರ್ಗ)

ಅಡಿಕೆಯವ್ರೇ ನಿಮ್ಮ ಪರ ನಾನಿದೀನಿ ಕಣ್ರೀ. ನಾವು ಅಕ್ಕತಂಗೀರು ನಾದಿನಿ ಎಲ್ಲ ಸೇರಿ ಐದು ಜನ ಹೋದ್ವರ್ಷ ಅಲ್ಲಿಗೇ ಹೋಗಿದ್ವಿ, ಐದೂ ಜನ ವೆಜ್ಜು, ಹಸ್ಕಂಡು ಒಂದಿನಾನೂ ಮಲಗಿಲ್ಲ. ಚೀನಿಯವ್ರ ವೆಜ್ ಅಂಗಡಿ ಹುಡುಕ್ಬೇಕು. ಬೋರ್ಡ್ ಮೇಲೆ "ಸು" ಅಂತ ಓದೋ ಒಂದು ಅಕ್ಷರ ಇರುತ್ತೆ, ಸುಮಾರು ಕಡೆ ನಮ್ಮ ಸ್ವಸ್ತಿಕ್ ಥರ ಗುರುತೂ ಇರುತ್ತೆ. ಬುದ್ಧನ ಭಕ್ತರದ್ದು, ಈರುಳ್ಳಿ ಬೆಳ್ಳುಳ್ಳಿ ಸಹ ಹಾಕಲ್ಲ, ನಮ್ಮತ್ತೆ ಕೂಡ ಕಣ್ಮುಚ್ಚಿ ತಿನ್ನಬಹುದು. ಅವ್ರಲ್ಲಿ ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ವೆಜ್ ತಿನ್ನೋ ಪದ್ಧತಿ ಇದೆ, ಆ ದಿನಗಳಲ್ಲಿ ರಶ್ಶು.

ಒಂದೇ ತೊಂದ್ರೆ ಅಂದ್ರೆ ಸೋಯಾ, ಗೋಧಿ ಅಂಟಲ್ಲಿ ಮಾಂಸದ ಥರಾನೇ ಮಾಡಿರ್ತಾರೆ. ನನ್ನ ನಾದಿನಿ ಪ್ಲೇಟಲ್ಲಿ ಕೋಳಿ ಕಾಲು, ಮೂಳೆ ಜಾಗದಲ್ಲಿ ಒಂದು ಕಡ್ಡಿ ಬೇರೆ! ಅವ್ಳು ಎದ್ದು ಹೊರಗೆ ಹೋಗ್ಬಿಟ್ಳು. ಅಂಗಡಿ ಅಜ್ಜಿ ಓಡಿ ಬಂದು ಅವ್ಳ ಕೈ ಹಿಡ್ಕಂಡು ಒಳಗೆ ಅಡುಗೆಮನೆಗೇ ಕರ್ಕಂಡು ಹೋಗಿ ಹಿಟ್ಟು ತೋರ್ಸಿದ್ರು. ಭಾಷೆ ಒಂದಕ್ಷರ ಬರಲ್ಲ ಇಬ್ರಿಗೂ.

ಇನ್ನೊಂದು, ಅವ್ರ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ಒಂಬತ್ತು ದೇವರ ಹಬ್ಬ ಮಾಡ್ತಾರೆ, ಸುಮಾರು ವರ್ಷ ಹೆಚ್ಚುಕಮ್ಮಿ ನಮ್ಮ ನವರಾತ್ರಿ ಟೈಮಿಗೇ ಬರುತ್ತೆ. ಆಗ ಬೀದಿ ಗಾಡಿಗಳೂ ಹಳದಿ ಬಾವುಟ ಕಟ್ಟಿ ವೆಜ್ ಮಾಡ್ತವೆ. ನೀವು ಮುಂದಿನ ಸಲ ದಸರಾ ರಜಕ್ಕೆ ಹೋಗಿ, ಅವಾಗ ಆ ನಾಲ್ಕು ಜನ ಪಕ್ಕದ ಟೇಬಲಲ್ಲಿ ಕೂರ್ಲಿ 😄

ಜಾಯಿಕಾಯಿ ಜ್ಯೂಸ್ ಕುಡಿದ್ರಾ? ನಾವು ಬರೀ ಬೀಜ ತೇಯ್ದು ಮಕ್ಕಳಿಗೆ ನೆಕ್ಕಿಸೋದು, ಅಲ್ಲಿ ಹೊರಗಿನ ಹಣ್ಣಿನ ತಿರುಳಲ್ಲಿ ಜ್ಯೂಸು, ಉಪ್ಪಿನಕಾಯಿ ಎಲ್ಲ ಮಾಡ್ತಾರೆ. ನನಗೆ ಮೊದಲ ಗುಟುಕಿಗೇ ಬಾಣಂತಿ ಕೋಣೆ ವಾಸ್ನೆ ನೆನಪಾಯ್ತು.

ಎಂಸಿಸಿ_ಬಿ_ಬ್ಲಾಕ್

ರೊಟ್ಟಿ ಚನಾಯ್ ಅಂದ್ರೆ ನಮ್ಮ ಪರೋಟನೇ ಅಲ್ವಾ? ಚೆನ್ನೈನಿಂದ ಹೋಗಿದ್ದಕ್ಕೆ ಚನಾಯ್ ಅಂತ ಓದಿದ ನೆನಪು.

ಹರಿಹರದವ_ಕೆಎಲ್‌ನಲ್ಲಿ

ಅದರ ಬಗ್ಗೆ ಎರಡು ಮಾತಿದೆ ಸರ್. ಚೆನ್ನೈ ಅನ್ನೋರೂ ಇದಾರೆ, ಮಲಯ್ ಭಾಷೆಲಿ ಚನಾಯ್ ಅಂದ್ರೆ ಹಿಟ್ಟು ಲಟ್ಟಿಸೋದು, ಅದರಿಂದ ಬಂತು ಅನ್ನೋರೂ ಇದಾರೆ. ಇಲ್ಲಿ ಟೀ ಕುಡೀತಾ ಈ ಚರ್ಚೆ ಶುರು ಮಾಡಿದ್ರೆ ಮುಗಿಯಲ್ಲ. ಸಿಂಗಾಪುರದಲ್ಲಿ ಅದನ್ನೇ ಪ್ರಾಟಾ ಅಂತಾರೆ. ಪದಗಳು ಮಜಾ ಇದಾವೆ ಇಲ್ಲಿ, ಬಹಾಸಾ ಅಂದ್ರೆ ಭಾಷೆ, ಗುಲಾ ಅಂದ್ರೆ ಸಕ್ಕರೆ, ನಮ್ಮ ಗುಡ ಅನ್ನೋ ಸಂಸ್ಕೃತ ಪದನೇ.

ಗಿರ್ಮಿಟ್_ಗೆಳೆಯ

ಪದದ ಮಾತು ಬಂತಲ್ಲ, ನಮ್ಮ ಮೆಡಿಕಲ್ ಶಾಪಿನ ಕಥೆ ಕೇಳಿ. ಗಂಟಲು ಕೆಟ್ಟಿತ್ತು, ಬಿಸಿನೀರು ಬೇಕಿತ್ತು. ಗ್ಲಾಸ್ ತೋರ್ಸಿ "ಗರಂ, ಗರಂ" ಅಂದ. ಅಂಗಡಿ ಹುಡ್ಗ ತಲೆ ಆಡ್ಸಿ ಹೋಗಿ ಒಂದು ಬಟ್ಟಲು ಉಪ್ಪು ತಂದಿಟ್ಟ. ಇವ್ನು ಮತ್ತೆ ಜೋರಾಗಿ "ಗರಂ!" ಅವ್ನು ಪಾಪ ಇನ್ನೊಂದು ಬಟ್ಟಲು ತಂದ. ಮಲಯ್ ಭಾಷೆಲಿ ಗರಂ ಅಂದ್ರೆ ಉಪ್ಪು, ಬಿಸಿಗೆ ಪಾನಾಸ್ ಅನ್ಬೇಕಂತೆ. ಕೊನೆಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸ್ದ, ಗಂಟಲು ವಾಸಿ ಆಯ್ತು ಅಂತ ಅವ್ನೇ ಹೇಳಿದ.

ಟೀ ಕುಡಿಯೋರಿಗೆ: ತೆಹ್ ತಾರಿಕ್ ಅಂದ್ರೆ ಎತ್ತರದಿಂದ ಹುಯ್ದು ನೊರೆ ಬರ್ಸಿದ ಟೀ, ಗಟ್ಟಿ ಹಾಲಿನ ಡಬ್ಬಿದು, ಪಾಯಸದಷ್ಟು ಸಿಹಿ. "ಕುರಾಂಗ್ ಮಾನಿಸ್" ಅಂದ್ರೆ ಸಿಹಿ ಕಮ್ಮಿ ಮಾಡ್ತಾರೆ, ಆದ್ರೂ ಸಿಹಿನೇ ಇರುತ್ತೆ.

ಪಿಬಿ_ರೋಡ್_ಕಾಕಾ

ಎಲ್ಲ ಸರಿ, ಆ ಅಡಿಕೆ ಹುಡ್ಗನ ದುಡ್ಡಿಗೆ ಉತ್ರ ಕೊಡಪ್ಪ ಮೊದ್ಲು. ಮಾತು ತೇಲ್ಸಬ್ಯಾಡ.

ಗಿರ್ಮಿಟ್_ಗೆಳೆಯ

ಕಾಕಾ ತೇಲ್ಸ್ತಿಲ್ಲ. ಅಡಿಕೆ ಒಂದು ವಿಷ್ಯ ಬೇಕಂತಲೇ ಬಿಟ್ಟಿದಾನೆ. ನಾಲ್ಕನೇ ದಿನ ಬಾಲಿಕ್ ಪುಲಾವ್ ಕಡೆ ಡುರಿಯನ್ ತೋಟಕ್ಕೆ ಹೋಗಿದ್ವಿ, ಸೀಸನ್ನು. ಹಲಸಿನ ಹಣ್ಣಿನ ಅಣ್ಣ ಅನ್ನಿ, ಮುಳ್ಳು ಚೂಪು, ವಾಸ್ನೆ ಎಷ್ಟು ಅಂದ್ರೆ ಹೋಟ್ಲು ಒಳಗೆ ಬಿಡಲ್ಲ ಅಂತ ಬೋರ್ಡ್ ಹಾಕಿರ್ತಾರೆ. ಹಣ್ಣು ತಾನಾಗೇ ಬೀಳೋವರೆಗೆ ಕಾಯ್ತಾರೆ, ಕೆಳಗೆ ಬಲೆ ಕಟ್ಟಿದ್ರು. ಮುಸಾಂಗ್ ಕಿಂಗ್ ಅನ್ನೋ ತಳಿದು ಎರಡು ಹಣ್ಣಿಗೆ 168 ರಿಂಗಿಟ್. ಬಟ್ಟೆ ಅಂಗಡಿ, ಸಾಫ್ಟ್‌ವೇರು, ಮೆಡಿಕಲ್ ಮೂರೂ ಜನ ಮೂಗು ಮುಚ್ಕಂಡು ರಸ್ತೆಗೆ ಓಡಿದ್ರು. ತಿಂದಿದ್ದು ಮೂರೇ ಜನ, ನಾನು, ವಕೀಲ, ಈ ಅಡಿಕೆ. ನಾನು ಎರಡು ತೊಳೆ, ವಕೀಲ ಮೂರು. ಉಳಿದಿದ್ದೆಲ್ಲ ಯಾರು ತಿಂದಿದ್ದು? ಬೆರಳು ನೆಕ್ತಾ "ಬೆಣ್ಣೆಗೆ ಬೆಲ್ಲ ಕಲ್ಸಿದಂಗೈತಿ" ಅಂತ ಹೇಳಿದ್ದು ಯಾರು? ಡುರಿಯನ್ ವೆಜ್ಜೇ ತಾನೇ, ಆದ್ರೆ ಅದನ್ನ ಆರು ಜನಕ್ಕೆ ಹಂಚಿದೀವಿ.

ಅಡಿಕೆ_ಮಂಡಿ_ಹುಡ್ಗ

ಡುರಿಯನ್ ಬೇರೆ ವಿಷ್ಯ.

ದುರ್ಗದ_ಅಕ್ಕ (ಚಿತ್ರದುರ್ಗ)

ಅಯ್ಯೋ ನಾನು ಈಗ ನಿಮ್ಮ ಪರ ಇಲ್ಲಪ್ಪ 😂

ಕರಿ_ಕೋಟು (ದಾವಣಗೆರೆ)

ಗ್ಯಾಂಗಿನ ವಕೀಲ ಮಾತಾಡ್ತಿದೀನಿ. ಸುಮ್ನೆ ಓದ್ತಾ ಕೂತಿದ್ದೆ, ತಡ್ಕಳೋಕಾಗ್ಲಿಲ್ಲ, ಲೆಕ್ಕ ಹಾಕಿದೆ. ಸಮುದ್ರದ ಊಟ 312, ಆರು ಭಾಗ ಮಾಡಿದ್ರೆ ತಲೆಗೆ 52. ಅಡಿಕೆ ಅವತ್ತು ತಿಂದಿದ್ದು ಕುಡಿದಿದ್ದು ಸೇರಿ 8, ಹಂಗಾಗಿ ಅವ್ನಿಗೆ 44 ವಾಪಸ್ ಬರ್ಬೇಕು, ನಿಜ. ಡುರಿಯನ್ 168, ಆರು ಭಾಗಕ್ಕೆ 28 ಕೊಟ್ಟಿದಾನೆ, ತಿಂದವ್ರು ಮೂರೇ ಜನ ಅಂದ್ರೆ 56 ಕೊಡ್ಬೇಕಿತ್ತು, ಇನ್ನೂ 28 ಬಾಕಿ. 44ರಲ್ಲಿ 28 ಕಳೆದ್ರೆ 16 ರಿಂಗಿಟ್. 320 ರೂಪಾಯಿ. ತೊಳೆ ಎಣ್ಸಿ ಲೆಕ್ಕ ಹಾಕಿದ್ರೆ ಅಡಿಕೆನೇ ನಮಗೆ ಕೊಡ್ಬೇಕಾಗುತ್ತೆ, ಅದಕ್ಕೆ ಹೋಗ್ತಿಲ್ಲ. ಆದ್ರೆ ಬಟ್ಟೆ ಅಂಗಡಿದು ನ್ಯಾಯ ಇದೆ. ಅವ್ನು ಏಡಿನೂ ತಿಂದಿಲ್ಲ, ಡುರಿಯನ್ನೂ ತಿಂದಿಲ್ಲ, ರೊಟ್ಟಿ ನುಚ್ಚು ತಿಂದ್ಕಂಡು ಇದ್ದ, ಒಂದು ಮಾತು ಆಡಿಲ್ಲ. ಅವ್ನ ಸಮುದ್ರದ್ದು 44, ಹಣ್ಣಿಂದು 28, ಒಟ್ಟು 72 ರಿಂಗಿಟ್ ನಾವು ಕೊಡ್ಬೇಕು.

ಗಿರ್ಮಿಟ್_ಗೆಳೆಯ

ಒಪ್ಪಿದೆ. ಬಟ್ಟೆ ಅಂಗಡಿದು ಇವತ್ತೇ ಹಾಕ್ತೀನಿ. ಅಡಿಕೆ, ನಿನ್ನ 320 ರೂಪಾಯಿಗೆ ಮಿರ್ಚಿ ಮಂಡಕ್ಕಿ ಕೊಡಿಸ್ತೀವಿ, ಏಳು ಗಂಟೆಗೆ ರಾಂ ಅಂಡ್ ಕೋ ಸರ್ಕಲ್ ಹತ್ರ ಬಾ.

ಅಡಿಕೆ_ಮಂಡಿ_ಹುಡ್ಗ

ಬರ್ತೀನಿ. ಒಂದೇ ಪ್ಲೇಟ್ ಅನ್ನಂಗಿಲ್ಲ ಮತ್ತೆ.